ಹಳೇ ಪುಸ್ತಕ, ಹೊಸ ಪರೀಕ್ಷೆ: ಕೊಡಗಿನಲ್ಲಿ ಕೂತು ಐಟಿ ಸರ್ಟಿಫಿಕೇಟಿಗೆ ಓದುವವರು ಯಾವ ಪುಸ್ತಕ ಕೊಳ್ಳಬೇಕು?

"ಸಿಸಿಎನ್‌ಎಗೆ ಯಾವ ಬುಕ್ ಒಳ್ಳೇದು?" ಡಿಪ್ಲೊಮಾ, ಬಿಸಿಎ, ಇಂಜಿನಿಯರಿಂಗ್ ಮುಗಿಸಿದ ಕುಶಾಲನಗರ, ಪೊನ್ನಂಪೇಟೆ, ಮಡಿಕೇರಿ ಕಡೆಯ ಹುಡುಗ ಹುಡುಗಿಯರು ಮೊದಲು ಕೇಳುವುದು ಇದನ್ನೇ. ಸಿಸಿಎನ್‌ಎ ಅಂದರೆ ಸಿಸ್ಕೊ ಕಂಪನಿ ನಡೆಸುವ ನೆಟ್‌ವರ್ಕಿಂಗ್ ಪರೀಕ್ಷೆ. ಉತ್ತರ ಕೊಡುವವರಿಗೇನೂ ಬರ ಇಲ್ಲ. ಸೀನಿಯರ್ ಒಂದು ಹೆಸರು ಹೇಳುತ್ತಾನೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸೋದರಮಾವನ ಮಗ ಇನ್ನೊಂದು ಹೇಳುತ್ತಾನೆ. ಅಷ್ಟರಲ್ಲಿ ವಾಟ್ಸಾಪಿಗೆ ಯಾರೋ ಒಂದು ಪಿಡಿಎಫ್ ಕಳಿಸಿರುತ್ತಾರೆ. ನಮ್ಮ ಕಡೆ ಇಂಥ ಪುಸ್ತಕವನ್ನು ಕೈಯಲ್ಲಿ ಹಿಡಿದು, ನಾಲ್ಕು ಪುಟ ತಿರುವಿ ಕೊಳ್ಳುವ ಅಂಗಡಿ ಸಿಗುವುದು ಕಷ್ಟ. ಹಾಗಾಗಿ ಕೊನೆಗೆ ಆನ್‌ಲೈನಿನಲ್ಲಿ ಮುಖಪುಟ ನೋಡಿ, ಎಷ್ಟು ಸ್ಟಾರ್ ಬಿದ್ದಿದೆ ಅಂತ ನೋಡಿ, ಆರ್ಡರ್ ಮಾಡುವುದೇ ದಾರಿ.

ಇವರ್ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರಶ್ನೆಯೇ ತುಸು ಅವಸರದ್ದು. ಐಟಿ ಪರೀಕ್ಷೆಯ ಪುಸ್ತಕಕ್ಕೆ ಆಯಸ್ಸು ಕಮ್ಮಿ. ಹೆಸರು ಕೇಳುವ ಮೊದಲು ಪರೀಕ್ಷೆಯ ಕೋಡ್ ಯಾವುದು, ನೀವು ಬರೆಯುವುದು ಯಾವ ತಿಂಗಳು, ಮನೆಯಲ್ಲಿ ನೆಟ್ ಇಲ್ಲದ ದಿನ ಆ ಪುಸ್ತಕದಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಗೊತ್ತಿರಬೇಕು. ಕೊನೆಯದನ್ನು ಬೆಂಗಳೂರಿನವರು ಯಾರೂ ಹೇಳಿಕೊಡುವುದಿಲ್ಲ. ಅವರಿಗೆ ಅದು ಬೇಕಾಗಿಯೇ ಇಲ್ಲವಲ್ಲ.

ಮುಖಪುಟದ ಸಣ್ಣ ಅಂಕಿ

ಹಾರ್ಡ್‌ವೇರ್, ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಹೋಗುವವರು ಬರೆಯುವ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಕೋರ್ 1, ಕೋರ್ 2 ಅಂತ ಎರಡು ಪೇಪರ್. 2022ರಲ್ಲಿ ಬಂದ ಜೋಡಿಯ ಕೋಡ್ 220-1101 ಮತ್ತು 220-1102. 2025ರ ಮಾರ್ಚ್‌ನಲ್ಲಿ 220-1201, 220-1202 ಬಂದವು. ಹಳೆಯ ಜೋಡಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಂತುಹೋಯಿತು. ಇಲ್ಲೊಂದು ತೊಡಕಿದೆ. ಎರಡೂ ಪೇಪರ್ ಒಂದೇ ಸರಣಿಯದ್ದಾಗಿರಬೇಕು. ಹಳೆಯ ಕೋರ್ 1 ಪಾಸಾಗಿದೆ, ಅದಕ್ಕೆ ಹೊಸ ಕೋರ್ 2 ಸೇರಿಸಿಕೊಳ್ಳುತ್ತೇನೆ ಅಂದರೆ ನಡೆಯುವುದಿಲ್ಲ. 1101ರ ಪುಸ್ತಕ ಈಗ ಕಾಲು ಬೆಲೆಗೆ ಸಿಗುತ್ತಿದ್ದರೆ ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ.

ಅದೇ ಸಂಸ್ಥೆಯ ಸೆಕ್ಯುರಿಟಿ ಪ್ಲಸ್‌ನ 701 ಆವೃತ್ತಿ 2023ರ ನವೆಂಬರ್‌ನಲ್ಲಿ ಬಂತು, 601 ಮುಗಿದದ್ದು 2024ರ ಜುಲೈನಲ್ಲಿ. ನೆಟ್‌ವರ್ಕ್ ಪ್ಲಸ್ 009 ಬಂದದ್ದು 2024ರ ಜೂನ್‌ನಲ್ಲಿ. ಸುಮಾರು ಮೂರು ವರ್ಷಕ್ಕೊಮ್ಮೆ ಹೀಗೆ ಬದಲಾಗುತ್ತದೆ. ನಡುವೆ ಕೆಲವು ತಿಂಗಳು ಹಳೆಯದು, ಹೊಸದು ಎರಡೂ ನಡೆಯುತ್ತವೆ. ಪುಸ್ತಕ ಕೊಳ್ಳುವವರು ಜಾಸ್ತಿ ಎಡವುವುದು ಈ ತಿಂಗಳುಗಳಲ್ಲಿಯೇ. ಹಳೆಯದಕ್ಕೆ ರಿವ್ಯೂ ಸಾವಿರಾರು ಇರುತ್ತವೆ, ಬೆಲೆಯೂ ಇಳಿದಿರುತ್ತದೆ. ಹೊಸದಕ್ಕೆ ಇನ್ನೂ ರಿವ್ಯೂ ಬಿದ್ದಿರುವುದಿಲ್ಲ. ಸ್ಟಾರ್ ನೋಡಿ ಕೊಳ್ಳುವವರು ಹಳೆಯದನ್ನೇ ತರಿಸುತ್ತಾರೆ.

ಸಿಸ್ಕೊದ ಸಿಸಿಎನ್‌ಎ ಇನ್ನೂ ಸೂಕ್ಷ್ಮ. 2020ರ ಫೆಬ್ರವರಿಯಿಂದ ಅದರ ಕೋಡ್ 200-301. ಆದರೆ 2024ರ ಆಗಸ್ಟ್‌ನಲ್ಲಿ ಅದೇ ಕೋಡಿನ ಅಡಿಯಲ್ಲಿ 1.1 ಆವೃತ್ತಿ ಬಂತು. ನೆಟ್‌ವರ್ಕ್ ನಿರ್ವಹಣೆಯಲ್ಲಿ ಕೃತಕ ಬುದ್ಧಿಮತ್ತೆ, ಮೆಷಿನ್ ಲರ್ನಿಂಗ್ ಅನ್ನುವ ಹೊಸ ಅಂಶ ಸೇರಿತು. ನೆಟ್‌ವರ್ಕ್ ಕೆಲಸವನ್ನು ತಾನಾಗಿ ಮಾಡಿಸುವ ಸಾಧನಗಳಲ್ಲಿ ಪಪೆಟ್, ಶೆಫ್ ಹೋಗಿ ಆನ್ಸಿಬಲ್ ಜೊತೆಗೆ ಟೆರಾಫಾರ್ಮ್ ಬಂತು. ಕೋಡ್ ನೋಡಿ ಸಮಾಧಾನಪಟ್ಟುಕೊಂಡವರ ಕೈಗೆ 2019ರ ಮುದ್ರಣವೂ ಸಿಗಬಹುದು. ಸಿಸ್ಕೊ ಪ್ರೆಸ್ಸಿನ ಎರಡು ಸಂಪುಟಗಳ ಅಧಿಕೃತ ಮಾರ್ಗದರ್ಶಿಗೆ 2024ರಲ್ಲಿ ಎರಡನೇ ಆವೃತ್ತಿ ಬಂದಿದೆ. ಮಾರುವವರ ಪುಟದಲ್ಲಿ ಮೊದಲನೆಯದರ ಚಿತ್ರ, ಎರಡನೆಯದರ ವಿವರಣೆ ಇರುವುದೂ ಉಂಟು. ಐಎಸ್‌ಬಿಎನ್ ಅಂಕಿಯನ್ನು ಪ್ರಕಾಶಕರ ಜಾಲತಾಣದಲ್ಲಿ ಹಾಕಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಹಾಗಂತ ಹಳೆಯದೆಲ್ಲ ರದ್ದಿಗೆ ಹೋಗಬೇಕಾ? ಪೊನ್ನಂಪೇಟೆ ಕಡೆಯ ಒಬ್ಬ ಹುಡುಗಿ ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ತಂದ, ಸಿಸಿಎನ್‌ಎಯ ಹಳೆಯ ಕೋಡ್ 200-125ರ ದಪ್ಪ ಪುಸ್ತಕ ತೋರಿಸಿ, "ಅಣ್ಣ, ಇದನ್ನ ಎಸೀಬೇಕಾ? ನಾನೂರು ಕೊಟ್ಟಿದ್ದೀನಿ" ಅಂದಳು. ಎಸೆಯುವುದು ಬೇಡ ಅಂದೆ. ಇಬ್ಬರೂ ಕೂತು ಅಧ್ಯಾಯಗಳ ಪಟ್ಟಿ ತಿರುವಿದೆವು. ಬೈನರಿ ಲೆಕ್ಕ, ಐಪಿ ವಿಳಾಸ, ಸಬ್‌ನೆಟ್ (ಒಂದು ನೆಟ್‌ವರ್ಕನ್ನು ತುಂಡು ಮಾಡುವುದು), ಸ್ವಿಚ್ ಹೇಗೆ ಉಪಕರಣಗಳ ಮ್ಯಾಕ್ ವಿಳಾಸ ಕಲಿಯುತ್ತದೆ, ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್ ಮಾಡುವ ವಿಎಲ್‌ಎಎನ್, ದಾರಿ ಹುಡುಕುವ ರೂಟಿಂಗ್ ಪ್ರೋಟೊಕಾಲ್ ಓಎಸ್‌ಪಿಎಫ್‌ನ ಬುಡದ ತತ್ವ, ಇವೆಲ್ಲ ಹಾಗೇ ನಿಂತಿವೆ. ರಿಪ್, ಇಐಜಿಆರ್‌ಪಿ ಅನ್ನುವ ಬೇರೆ ಎರಡು ರೂಟಿಂಗ್ ಪ್ರೋಟೊಕಾಲ್‌ಗಳ ಅಧ್ಯಾಯಗಳಿಗೆ ಕ್ಲಿಪ್ ಹಾಕಿ ಮುಚ್ಚಿದೆವು. ಈಗಿನ ಪಠ್ಯಸೂಚಿಯಲ್ಲಿ ಅವಿಲ್ಲ. ವೈರ್‌ಲೆಸ್ ಕಂಟ್ರೋಲರ್, ಪ್ರೋಗ್ರಾಂಗಳು ಪರಸ್ಪರ ಮಾತಾಡುವ ರೆಸ್ಟ್ ಎಪಿಐ, ಅದರಲ್ಲಿ ಮಾಹಿತಿ ಬರೆಯುವ ಜೇಸನ್ ರೂಪ, ಆಟೊಮೇಷನ್ ಬಗ್ಗೆ ಬೇರೆ ಕಡೆ ಓದಿಕೊಳ್ಳಬೇಕು. ನಾನೂರು ರೂಪಾಯಿಗೆ ಅರ್ಧ ಪುಸ್ತಕ ಬಂತು ಅಂದುಕೊಂಡರೆ ನಷ್ಟವೇನಿಲ್ಲ. ಅದೊಂದನ್ನೇ ನಂಬಿ ಪರೀಕ್ಷೆಗೆ ಕೂತರೆ ಮಾತ್ರ ನಷ್ಟ.

ಕ್ಲೌಡ್ ಪರೀಕ್ಷೆಗಳಲ್ಲಿ ಈ ಅರ್ಧವೂ ಉಳಿಯುವುದಿಲ್ಲ. 2022ರಲ್ಲಿ ಅಚ್ಚಾದ ಯಾವ ಮೈಕ್ರೋಸಾಫ್ಟ್ ಪುಸ್ತಕ ತೆರೆದರೂ ಲಾಗಿನ್ ನೋಡಿಕೊಳ್ಳುವ ಸೇವೆಗೆ ಅಜೂರ್ ಆಕ್ಟಿವ್ ಡೈರೆಕ್ಟರಿ ಅಂತಲೇ ಇರುತ್ತದೆ. 2023ರಲ್ಲಿ ಅದರ ಹೆಸರು ಎಂಟ್ರಾ ಐಡಿ ಆಯಿತು. ಸ್ಕ್ರೀನಿನ ಚಿತ್ರಗಳೂ ಬೇರೆಯಾದವು. ಕ್ಲೌಡ್‌ಗೆ ದಪ್ಪ ಪುಸ್ತಕ ಕೊಳ್ಳುವುದು ನನಗಂತೂ ಇಷ್ಟವಿಲ್ಲ. ಮೈಕ್ರೋಸಾಫ್ಟ್ ಲರ್ನ್‌ನಲ್ಲಿ ಪಾಠಗಳು ಉಚಿತ. 2023ರಿಂದ ಅವರ ಅಸೋಸಿಯೇಟ್, ಎಕ್ಸ್‌ಪರ್ಟ್ ಮಟ್ಟದ ಪರೀಕ್ಷೆಗಳಲ್ಲಿ ಬರೆಯುತ್ತಿರುವಾಗಲೇ ಮೈಕ್ರೋಸಾಫ್ಟ್ ಲರ್ನ್ ತೆರೆದು ನೋಡಬಹುದು. ಸಮಯ ಮಾತ್ರ ಅದಕ್ಕೆಂದು ಹೆಚ್ಚು ಕೊಡುವುದಿಲ್ಲ. ಎಜೆಡ್-900ರಂಥ ಫಂಡಮೆಂಟಲ್ಸ್ ಪರೀಕ್ಷೆಗೆ ಈ ಸೌಲಭ್ಯವೂ ಇಲ್ಲ.

ಪುಸ್ತಕಕ್ಕಿಂತ ಮೊದಲು ಕೆಲವು ಹಾಳೆ

ಪ್ರತಿ ಪರೀಕ್ಷೆಗೂ ಅದನ್ನು ನಡೆಸುವ ಸಂಸ್ಥೆಯೇ ಒಂದು ಪಠ್ಯಸೂಚಿ ಕೊಡುತ್ತದೆ. ಉಚಿತ. ಪಿಡಿಎಫ್ ಇಳಿಸಿಕೊಂಡು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಒಂದು ಕಾಫಿಯ ದುಡ್ಡೂ ಆಗುವುದಿಲ್ಲ. ಸಾವಿರ ಪುಟದ ಪುಸ್ತಕ ಕೊಂಡವರಲ್ಲಿ ಎಷ್ಟೋ ಜನ ಇದನ್ನು ಒಮ್ಮೆಯೂ ಓದಿರುವುದಿಲ್ಲ. ಪುಸ್ತಕದಲ್ಲಿ ಇದ್ದೇ ಇರುತ್ತದಲ್ಲ ಅಂತ ಸುಮ್ನೆ ಬಿಟ್ಟಿರುತ್ತಾರೆ.

ಆ ಹಾಳೆಗಳಲ್ಲಿ ಮೊದಲು ನೋಡಬೇಕಾದದ್ದು ಶೇಕಡಾ ಲೆಕ್ಕ. ಸಿಸಿಎನ್‌ಎಯಲ್ಲಿ ನೆಟ್‌ವರ್ಕ್ ಬುನಾದಿಗೆ ಶೇ 20, ನೆಟ್‌ವರ್ಕ್ ಆಕ್ಸೆಸ್‌ಗೆ ಶೇ 20, ಐಪಿ ಕನೆಕ್ಟಿವಿಟಿಗೆ (ರೂಟಿಂಗ್ ಬರುವುದು ಇಲ್ಲೇ) ಶೇ 25, ಐಪಿ ಸೇವೆಗಳಿಗೆ ಶೇ 10, ಭದ್ರತೆಗೆ ಶೇ 15, ಆಟೊಮೇಷನ್‌ಗೆ ಶೇ 10. ಅಂದರೆ ರೂಟಿಂಗ್ ಸರಿಯಾಗಿ ಬರದೆ ಆಟೊಮೇಷನ್ ಅರೆದು ಕುಡಿದರೂ ಪ್ರಯೋಜನ ಇಲ್ಲ. ಅಮೆಜಾನ್ ಕ್ಲೌಡ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್, ಅಂದರೆ 2022ರ ಆಗಸ್ಟ್‌ನಲ್ಲಿ ಬಂದ ಸಿ03 ಪರೀಕ್ಷೆಯಲ್ಲಿ, ಸುರಕ್ಷಿತ ವಿನ್ಯಾಸಕ್ಕೇ ಶೇ 30 ಇದೆ. ಒಂದು ಪುಸ್ತಕ ಸರ್ವರ್ ವಿಧಗಳಿಗೆ ನೂರು ಪುಟ ಕೊಟ್ಟು ಯಾರಿಗೆ ಎಷ್ಟು ಅನುಮತಿ ಅಂತ ನೋಡಿಕೊಳ್ಳುವ ಐಎಎಂಗೆ ಹದಿನೈದು ಪುಟ ಕೊಟ್ಟಿದ್ದರೆ ಆ ಲೇಖಕರು ಬೇರೆ ಯಾವುದೋ ಪರೀಕ್ಷೆಗೆ ಬರೆದಿದ್ದಾರೆ ಅಂತಲೇ ಅರ್ಥ.

ಎರಡನೆಯದು, ಪ್ರತಿ ಸಾಲಿನಲ್ಲೂ ನಿಮ್ಮಿಂದ ಏನು ಬಯಸಿದ್ದಾರೆ ಅನ್ನುವುದು. ಗೇಟ್‌ವೇ ಕೈಕೊಟ್ಟಾಗ ಬದಲಿ ರೂಟರ್ ಕೆಲಸ ವಹಿಸಿಕೊಳ್ಳುವ ಪ್ರೋಟೊಕಾಲ್‌ಗಳ ಬಗ್ಗೆ ಸಿಸಿಎನ್‌ಎ ಕೇಳುವುದು ವಿವರಣೆ ಮಾತ್ರ. ಅದಕ್ಕೆ ಪುಸ್ತಕ ಸಾಕು. ವಿಎಲ್‌ಎಎನ್, ಓಎಸ್‌ಪಿಎಫ್ ಬಗ್ಗೆ ಮಾತ್ರ ಕಾನ್ಫಿಗರ್ ಮಾಡಿ, ಪರಿಶೀಲಿಸಿ ಅಂತ ಬರೆದಿದೆ. ಅಲ್ಲಿ ಯಾವ ಪುಸ್ತಕವೂ ಸಾಲದು, ಕೀಬೋರ್ಡ್ ಮೇಲೆ ಕೈ ಓಡಬೇಕು. ಪ್ರಿಂಟ್ ಹಾಳೆಯಲ್ಲಿ ಎರಡು ಬಣ್ಣದ ಪೆನ್ನಿನಿಂದ ಇವನ್ನು ಗುರುತು ಮಾಡಿಕೊಂಡರೆ ಪುಸ್ತಕಕ್ಕೆ ಎಷ್ಟು ದುಡ್ಡು, ಲ್ಯಾಬ್‌ಗೆ ಎಷ್ಟು ಸಮಯ ಅನ್ನುವುದು ತಾನಾಗಿ ತೀರ್ಮಾನ ಆಗುತ್ತದೆ.

ಕಾಲೇಜಿನ ಪಠ್ಯಪುಸ್ತಕ ಇದೆಯಲ್ಲ, ಅದು ಆಗುವುದಿಲ್ವಾ ಅಂತ ಕೇಳುವವರಿದ್ದಾರೆ. ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಎರಡೂ ವಿಟಿಯು ಅಡಿಯಲ್ಲಿವೆ. ಅಲ್ಲಿ ಓದುವ ಕಂಪ್ಯೂಟರ್ ನೆಟ್‌ವರ್ಕ್ಸ್ ಪುಸ್ತಕ ಪ್ಯಾಕೆಟ್ ಯಾಕೆ ಹೀಗೆ ಓಡಾಡುತ್ತದೆ ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ. ಸಿಸ್ಕೊ ಸ್ವಿಚ್ ಮುಂದೆ ಕೂತಾಗ ಯಾವ ಕಮಾಂಡ್ ಕೊಡಬೇಕು ಅಂತ ಹೇಳುವುದಿಲ್ಲ. ಆದರೂ ಆ ಬುನಾದಿ ಗಟ್ಟಿ ಇದ್ದವರಿಗೆ ಪರೀಕ್ಷಾ ಮಾರ್ಗದರ್ಶಿಯ ಮೊದಲ ಇನ್ನೂರು ಪುಟ ಬೇಗ ಮುಗಿಯುತ್ತದೆ. ವಿಟಿಯು ಕನ್ಸೋರ್ಶಿಯಂ ಮೂಲಕ ಕಾಲೇಜುಗಳಿಗೆ ಇ-ಪುಸ್ತಕಗಳೂ ಸಿಗುತ್ತವೆ. ದುಡ್ಡು ಕೊಡುವ ಮೊದಲು ಲೈಬ್ರರಿಯನ್ ಹತ್ತಿರ ಒಂದು ಮಾತು ಕೇಳಿ.

ಒಂದೇ ವಿಷಯ ತೆಗೆದು ಓದಿ ನೋಡಿ

ಪುಸ್ತಕ ನಿಮಗೆ ಹೊಂದುತ್ತದೋ ಇಲ್ಲವೋ ತಿಳಿಯಲು ಒಂದು ದಾರಿ ಇದೆ. ಅರ್ಧಂಬರ್ಧ ಗೊತ್ತಿರುವ ಒಂದು ವಿಷಯ ಆರಿಸಿಕೊಳ್ಳಿ. ಪೂರ್ತಿ ಗೊತ್ತಿದ್ದರೆ ಯಾವ ಪುಸ್ತಕವೂ ಸರಳ ಅನಿಸುತ್ತದೆ. ಏನೂ ಗೊತ್ತಿಲ್ಲದಿದ್ದರೆ ಎಲ್ಲವೂ ಕಷ್ಟ ಅನಿಸುತ್ತದೆ. ಪ್ರಕಾಶಕರ ತಾಣದಲ್ಲಿ ಮಾದರಿ ಅಧ್ಯಾಯ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಮಾರುವವರು ತೋರಿಸುವ ಮಾದರಿ ಪುಟಗಳಲ್ಲಿ, ಅದೇ ವಿಷಯ ಹುಡುಕಿ ಓದಿ.

ನಾನು ಹೇಳುವುದು ಸಬ್‌ನೆಟ್. ಮಡಿಕೇರಿ ಹತ್ತಿರದ ಒಂದು ಹೋಂಸ್ಟೇ ಅಂದುಕೊಳ್ಳಿ. ಅತಿಥಿಗಳ ಫೋನು, ಲ್ಯಾಪ್‌ಟಾಪು, ಟಿವಿ ಸೇರಿ ನಲವತ್ತು ಉಪಕರಣ. ಸಿಸಿ ಕ್ಯಾಮೆರಾ ಮತ್ತು ಬಿಲ್ಲಿಂಗ್ ಕಂಪ್ಯೂಟರ್ ಬೇರೆ ಇಡಬೇಕು, ಅತಿಥಿಗಳು ಅದನ್ನು ಮುಟ್ಟಬಾರದು. ಕೈಯಲ್ಲಿ 192.168.10.0ಯಿಂದ 192.168.10.255ರವರೆಗಿನ ವಿಳಾಸ ಇವೆ. /27 (ಅಂದರೆ 32 ಬಿಟ್ಟುಗಳಲ್ಲಿ 27 ನೆಟ್‌ವರ್ಕಿಗೆ) ಕೊಟ್ಟರೆ 32 ವಿಳಾಸ. ನೆಟ್‌ವರ್ಕ್ ವಿಳಾಸ, ಬ್ರಾಡ್‌ಕಾಸ್ಟ್ ವಿಳಾಸ ಕಳೆದರೆ 30. ನಲವತ್ತಕ್ಕೆ ಸಾಲುವುದಿಲ್ಲ. /26 ಕೊಟ್ಟರೆ 64, ಬಳಸಲು 62. ಅತಿಥಿಗಳಿಗೆ 0ಯಿಂದ ಶುರುವಾಗುವ ತುಂಡು, ಕ್ಯಾಮೆರಾಗಳಿಗೆ 64ರಿಂದ ಶುರುವಾಗುವ ತುಂಡು. 128 ಮತ್ತು 192ರ ಎರಡು ತುಂಡು ಮುಂದಕ್ಕೆ ಉಳಿದವು. ಈಗ 192.168.10.70 ಅನ್ನುವ ವಿಳಾಸ ಯಾರದ್ದು? ಕ್ಯಾಮೆರಾ ಗುಂಪಿನದ್ದು. ಆ ಗುಂಪಿನ ಬಳಕೆಯ ವಿಳಾಸ 65ರಿಂದ 126, ಬ್ರಾಡ್‌ಕಾಸ್ಟ್ 127.

ಇಷ್ಟನ್ನು ಒಂದು ಪುಸ್ತಕ ಹೇಗೆ ಹೇಳುತ್ತದೆ ನೋಡಿ. ಕೆಲವು ನೇರವಾಗಿ ಒಂದು ಕೋಷ್ಟಕ ಕೊಟ್ಟು ಬಾಯಿಪಾಠ ಮಾಡಿ ಅನ್ನುತ್ತವೆ. ಕೆಲವು ಎಂಟು ಬಿಟ್ಟುಗಳನ್ನು ಬರೆದು, ಗೆರೆ ಎಲ್ಲಿ ಬೀಳುತ್ತದೆ ತೋರಿಸಿ, ಆಮೇಲೆ ಪೆನ್ಸಿಲ್ ಹಿಡಿಯಲು ಹೇಳುತ್ತವೆ. ಎರಡನೆಯ ಬಗೆಯದ್ದು ನಿಧಾನ. ಆದರೆ ಪರೀಕ್ಷೆಯಲ್ಲಿ /29 ಅಥವಾ /21 ಬಂದಾಗ ಕೈಬಿಡುವುದಿಲ್ಲ. ಅಧ್ಯಾಯದ ಕೊನೆಯ ಪ್ರಶ್ನೆಗಳನ್ನೂ ನೋಡಿ. ಸರಿ ಉತ್ತರ 'ಬಿ' ಅಂತ ಹೇಳಿ ಬಿಟ್ಟಿದ್ದಾರಾ, ಇಲ್ಲ ಎ, ಸಿ, ಡಿ ಯಾಕೆ ತಪ್ಪು ಅಂತಲೂ ಬರೆದಿದ್ದಾರಾ? ನಾನಾಗಿದ್ದರೆ ಇದೊಂದರ ಮೇಲೇ ಪುಸ್ತಕ ಆರಿಸುತ್ತೇನೆ.

ಭಾಷೆಯ ಮಾತೂ ಇಲ್ಲೇ ಬರುತ್ತದೆ. ಶನಿವಾರಸಂತೆ, ಸೋಮವಾರಪೇಟೆ ಕಡೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿಷಯಕ್ಕಿಂತ ಮೊದಲು ಇಂಗ್ಲಿಷ್ ವಾಕ್ಯವೇ ಅಡ್ಡ ನಿಲ್ಲುತ್ತದೆ. ಪರೀಕ್ಷೆ ಕನ್ನಡದಲ್ಲಿಲ್ಲ. ಹಾಗಾಗಿ ಕನ್ನಡದ ವಿಡಿಯೊ ನೋಡಿ ವಿಷಯ ಹಿಡಿದುಕೊಂಡು, ಆಮೇಲೆ ಇಂಗ್ಲಿಷ್ ಪುಸ್ತಕಕ್ಕೆ ಹೋಗುವುದು ಒಳ್ಳೆಯದು. ಉಲ್ಟಾ ಮಾಡಬೇಡಿ. ಬರೀ ಕನ್ನಡ ವಿಡಿಯೊದಲ್ಲೇ ನಿಂತರೂ ಕಷ್ಟ. ಅಮೆಜಾನ್ ಪರೀಕ್ಷೆಯ ಪ್ರಶ್ನೆಗಳು ಐದಾರು ಸಾಲು ಇರುತ್ತವೆ. ಒಂದು ಕಂಪನಿ, ಅದರ ತೊಂದರೆ, ಕೊನೆಗೆ 'ಅತಿ ಕಡಿಮೆ ಖರ್ಚಿನಲ್ಲಿ' ಅಂತ ಒಂದು ಮಾತು. ಆ ಮಾತು ಕಣ್ತಪ್ಪಿದರೆ ಉತ್ತರವೂ ತಪ್ಪುತ್ತದೆ. 130 ನಿಮಿಷಕ್ಕೆ 65 ಪ್ರಶ್ನೆ. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಇಂಗ್ಲಿಷಿನಲ್ಲಿ ಬರೆಯುವಾಗ ಹೆಚ್ಚುವರಿ 30 ನಿಮಿಷ ಕೇಳಿಕೊಳ್ಳಬಹುದು. ಆದರೆ ಅದನ್ನು ಪರೀಕ್ಷೆ ಬುಕ್ ಮಾಡುವ ಮೊದಲೇ ಕೇಳಬೇಕು. ಈ ಸೌಲಭ್ಯ ಇರುವುದೇ ನಮ್ಮ ಕಡೆಯ ಬಹಳ ಮಂದಿಗೆ ಗೊತ್ತಿಲ್ಲ.

ಕರೆಂಟ್ ಹೋದ ಮೇಲೆ

ಈಗಿನ ಪರೀಕ್ಷಾ ಪುಸ್ತಕ ಅರ್ಧ ಮಾತ್ರ ಕಾಗದದಲ್ಲಿರುತ್ತದೆ. ಉಳಿದರ್ಧ ನೆಟ್‌ನಲ್ಲಿ. ಅಭ್ಯಾಸ ಪರೀಕ್ಷೆ, ವಿಡಿಯೊ, ಫ್ಲ್ಯಾಶ್‌ಕಾರ್ಡ್, ಹೆಚ್ಚುವರಿ ಅಧ್ಯಾಯ ಎಲ್ಲವೂ ಒಂದು ಕೋಡ್ ಹಾಕಿ ತೆರೆಯಬೇಕು. ಕೆಲವು ಪ್ರಕಾಶಕರು ಕೋಡ್ ಹಾಕಿದ ದಿನದಿಂದ ಒಂದು ವರ್ಷ ಅಂತ ಮಿತಿ ಇಡುತ್ತಾರೆ. ಸೆಕೆಂಡ್ ಹ್ಯಾಂಡ್ ಪ್ರತಿಯಲ್ಲಿ ಆ ಕೋಡ್ ಆಗಲೇ ಬಳಕೆಯಾಗಿರುತ್ತದೆ. ಕಡಿಮೆ ಬೆಲೆಯ ಭಾರತೀಯ ಮುದ್ರಣದಲ್ಲಿ ಕೋಡ್ ಇದೆಯೋ ಇಲ್ಲವೋ ಕೇಳಿಯೇ ಕೊಳ್ಳಬೇಕು.

ಜುಲೈ, ಆಗಸ್ಟ್‌ನಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಮರ ಬಿದ್ದು ತಂತಿ ಹರಿದರೆ ಕರೆಂಟ್ ಬರುವುದು ಯಾವಾಗಲೋ. ಮೊಬೈಲ್ ಟವರಿನ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ಲೂ ಹೋಗುತ್ತದೆ. ಕುಶಾಲನಗರದವರಿಗೆ ಇಷ್ಟು ಕಾಟ ಇರುವುದಿಲ್ಲ, ಅಲ್ಲಿ ಮಳೆಯೇ ಕಡಿಮೆ. ಒಂದೇ ಜಿಲ್ಲೆಯಾದರೂ ಇಬ್ಬರಿಗೂ ಒಂದೇ ಪುಸ್ತಕ ಹೇಳಲು ಬರುವುದಿಲ್ಲ ಅನ್ನುವುದು ಇದಕ್ಕೇ. ಕುಶಾಲನಗರದಲ್ಲಿರುವವರು ಆನ್‌ಲೈನ್ ಪಾಠವನ್ನೇ ಮುಖ್ಯ ಮಾಡಿಕೊಂಡು ತೆಳು ಪುಸ್ತಕ ಜೊತೆಗಿಟ್ಟುಕೊಳ್ಳಬಹುದು. ಬೆಟ್ಟದ ಬದಿಯ ತೋಟದ ಮನೆಯಲ್ಲಿರುವವರಿಗೆ ಅಚ್ಚಾದ ಪೂರ್ಣ ಪುಸ್ತಕವೇ ಬೇಕು. ಪುಟ ಜಾಸ್ತಿ, ಬೆಲೆ ಜಾಸ್ತಿ ಆದರೂ ಸರಿ. (ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ ಅನ್ನುವುದು ಬೇರೆ ಮಾತು. ಗೋಡೆಗೆ ತಾಗಿಸಿ ಇಡಬೇಡಿ.) ಫೋನಿನಲ್ಲಿ ಇ-ಪುಸ್ತಕ ಓದಬಹುದಲ್ಲ ಅಂದರೆ, ಕಮಾಂಡ್ ಔಟ್‌ಪುಟ್ ಇರುವ ಪುಟಗಳು ಸಣ್ಣ ಸ್ಕ್ರೀನಿನಲ್ಲಿ ಸಾಲು ಮುರಿದು ಓದಲಾಗದಂತೆ ಆಗುತ್ತವೆ. ಬರೀ ವಿವರಣೆ ಇರುವ ಸೆಕ್ಯುರಿಟಿ ಪ್ಲಸ್‌ನಂಥದ್ದಕ್ಕೆ ಪರವಾಗಿಲ್ಲ.

ಲ್ಯಾಬ್‌ಗೂ ಇದೇ ಲೆಕ್ಕ ಹಾಕಬೇಕು. ನೆಟ್‌ವರ್ಕನ್ನು ಕಂಪ್ಯೂಟರಿನಲ್ಲೇ ಕಟ್ಟಿ ನೋಡುವ, ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಪ್ಯಾಕೆಟ್ ಟ್ರೇಸರ್ ಉಚಿತ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ಮಳೆ ಶುರುವಾಗುವ ಮೊದಲೇ ಇಳಿಸಿ, ಲಾಗಿನ್ ಆಗಿ, ಸರಿಯಾಗಿ ತೆರೆದುಕೊಳ್ಳುತ್ತದಾ ನೋಡಿ. ಅಮೆಜಾನ್‌ನ ಎಷ್ಟೋ ಮಾರ್ಗದರ್ಶಿಗಳು, ಶ್ವೇತಪತ್ರಗಳು ಪಿಡಿಎಫ್ ಆಗಿ ಸಿಗುತ್ತವೆ. ಅವನ್ನೂ ಇಳಿಸಿಟ್ಟುಕೊಳ್ಳಿ.

ನೆಟ್ ಇಲ್ಲದ ಊರಿಗೆ ಹೇಳಿ ಮಾಡಿಸಿದಂತಿರುವ ಪರೀಕ್ಷೆ ಅಂದರೆ ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಪರೀಕ್ಷೆ ಆರ್‌ಎಚ್‌ಸಿಎಸ್‌ಎ. ಬಹು ಆಯ್ಕೆಯ ಪ್ರಶ್ನೆಗಳೇ ಇಲ್ಲ. ಒಂದು ಲಿನಕ್ಸ್ ಯಂತ್ರ ಕೊಟ್ಟು ಕೆಲಸ ಹೇಳುತ್ತಾರೆ. ಯೂಸರ್ ಸೇರಿಸಿ, ಡಿಸ್ಕ್ ಭಾಗ ಮಾಡಿ, ಸೇವೆ ಶುರುಮಾಡಿ. ಯಂತ್ರ ರೀಬೂಟ್ ಆದ ಮೇಲೂ ಅದು ಹಾಗೇ ಉಳಿಯಬೇಕು. 300ಕ್ಕೆ 210 ಬಂದರೆ ಪಾಸ್. ಪರೀಕ್ಷೆಯಲ್ಲಿ ಇಂಟರ್‌ನೆಟ್ ಇಲ್ಲ, ಆದರೆ ಯಂತ್ರದೊಳಗಿನ ಮ್ಯಾನ್ ಪುಟಗಳನ್ನು (ಕಮಾಂಡ್‌ಗಳ ಕೈಪಿಡಿ) ನೋಡಬಹುದು. ಮನೆಯಲ್ಲಿ ಓದುವಾಗಲೂ ಅದನ್ನೇ ಓದಿ ಅಭ್ಯಾಸವಾಗಬೇಕು. ಇದಕ್ಕೆ ಅಂತ ಪುಸ್ತಕ ಕೊಳ್ಳುವುದಾದರೆ ವಿವರಣೆ ಜಾಸ್ತಿ ಇರುವುದು ಬೇಡ, ಮಾಡಿನೋಡುವ ಕೆಲಸಗಳು ಜಾಸ್ತಿ ಇರುವುದನ್ನು ಕೊಳ್ಳಿ. ಲ್ಯಾಪ್‌ಟಾಪಿನೊಳಗೇ ಇನ್ನೊಂದು ಯಂತ್ರ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಆಲ್ಮಾ ಅಥವಾ ರಾಕಿ ಲಿನಕ್ಸ್ ಹಾಕಿಕೊಂಡರೆ ಕಾಸು ಖರ್ಚಿಲ್ಲ. ಇನ್ವರ್ಟರ್ ಇದ್ದರೆ ಅಭ್ಯಾಸ ನಿಲ್ಲುವುದೂ ಇಲ್ಲ.

ಬರೆದವರು ಯಾರು?

ಕಳೆದ ಕೆಲವು ವರ್ಷಗಳಲ್ಲಿ ಒಂದು ಹೊಸ ತಲೆನೋವು ಸೇರಿಕೊಂಡಿದೆ. ಪರೀಕ್ಷೆಯ ಹೆಸರು ಹುಡುಕಿದರೆ, ಎಲ್ಲೂ ಕೇಳದ ಲೇಖಕರ ಪುಸ್ತಕಗಳು ಸಾಲಾಗಿ ಬರುತ್ತವೆ. 'ಸಾವಿರ ಪ್ರಶ್ನೆ, ಮೊದಲ ಪ್ರಯತ್ನದಲ್ಲೇ ಪಾಸ್' ಅಂತ ಮುಖಪುಟ. ಒಳಗೆ ಒಂದೇ ವಾಕ್ಯವನ್ನು ನಾಲ್ಕು ರೀತಿ ತಿರುಗಿಸಿ ಬರೆದಿರುತ್ತದೆ. ಚಿತ್ರ ಇಲ್ಲ, ಕಮಾಂಡ್ ಔಟ್‌ಪುಟ್ ಇಲ್ಲ. ಇದ್ದರೂ ಕಮಾಂಡ್ ಕೆಲಸ ಮಾಡುವುದಿಲ್ಲ. ಯಂತ್ರದಿಂದ ಬರೆಸಿ, ಸ್ವಂತ ಪ್ರಕಟಣೆಯ ವೇದಿಕೆಯಲ್ಲಿ ಹಾಕಿ, ಆರ್ಡರ್ ಬಂದಾಗ ಅಚ್ಚು ಹಾಕಿಸುವ ಸರಕು ಇದು. 2023ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ತನ್ನ ಸ್ವಂತ ಪ್ರಕಟಣೆಯ ವೇದಿಕೆಯಲ್ಲಿ ಒಬ್ಬರು ದಿನಕ್ಕೆ ಮೂರಕ್ಕಿಂತ ಜಾಸ್ತಿ ಹೊಸ ಪುಸ್ತಕ ಹಾಕುವಂತಿಲ್ಲ ಅಂತ ಮಿತಿ ತಂದಿತು. ದಿನಕ್ಕೆ ಮೂರು! ಆ ಮಿತಿಯೇ ಪರಿಸ್ಥಿತಿ ಹೇಳುತ್ತದೆ.

ಕೊಳ್ಳುವ ಮೊದಲು ಲೇಖಕರ ಹೆಸರು ಹುಡುಕಿ. ನೆಟ್‌ವರ್ಕಿಂಗ್ ಬಗ್ಗೆ ಬರೆದವರು ಎಲ್ಲೋ ಪಾಠ ಹೇಳಿರುತ್ತಾರೆ, ಕೆಲಸ ಮಾಡಿರುತ್ತಾರೆ, ಹಿಂದಿನ ಆವೃತ್ತಿ ಬರೆದಿರುತ್ತಾರೆ. ಪುಸ್ತಕದ ತಪ್ಪುಗಳ ತಿದ್ದುಪಡಿ ಪಟ್ಟಿಯನ್ನು ಪ್ರಕಾಶಕರು ಹಾಕಿದ್ದರೆ ನಾನು ಅದನ್ನು ಒಳ್ಳೆಯ ಲಕ್ಷಣ ಅಂತಲೇ ನೋಡುತ್ತೇನೆ. ಯಾರೋ ಓದಿದ್ದಾರೆ, ಯಾರೋ ತಿದ್ದಿದ್ದಾರೆ ಅಂತಾಯಿತಲ್ಲ. ಚಾಟ್‌ಬಾಟ್‌ಗಳನ್ನು ಓದಿನ ಜೊತೆಗೆ ಬಳಸುವುದು ತಪ್ಪಲ್ಲ. ಅರ್ಥವಾಗದ ಪ್ಯಾರಾ ಕೊಟ್ಟು ಕನ್ನಡದಲ್ಲಿ ಬಿಡಿಸಿ ಹೇಳು ಅಂದರೆ ಹೇಳುತ್ತವೆ. ಆದರೆ ಅದು ಕೊಟ್ಟ ಕಮಾಂಡನ್ನು ಲ್ಯಾಬಿನಲ್ಲಿ ಹೊಡೆದು ನೋಡದೆ ನಂಬಬೇಡಿ.

ಇನ್ನು ಡಂಪ್ಸ್. ವಾಟ್ಸಾಪಿನಲ್ಲಿ ಬರುವ ಪಿಡಿಎಫ್ ಹೆಚ್ಚಾಗಿ ಇದೇ. ನಿಜವಾದ ಪರೀಕ್ಷೆಯ ಪ್ರಶ್ನೆಗಳನ್ನು ಕದ್ದು ಸೇರಿಸಿದ್ದು ಅಂತ ಹೇಳಿಕೊಂಡು ಓಡಾಡುತ್ತದೆ. ಕೆಲವು ತರಬೇತಿ ಕೇಂದ್ರಗಳೇ ಫೀಸಿನ ಜೊತೆಗೆ ಇದನ್ನು ಕೊಡುವುದುಂಟು. ಪರೀಕ್ಷೆಗೆ ಕೂರುವ ಮೊದಲು ನೀವು ಒಪ್ಪಿಕೊಳ್ಳುವ ಷರತ್ತಿನಲ್ಲಿ ಇದು ನಿಷಿದ್ಧ. ಸಿಕ್ಕಿಬಿದ್ದರೆ ಫಲಿತಾಂಶ ರದ್ದಾಗಬಹುದು, ಮುಂದೆ ಬರೆಯಲು ಬಿಡದೆಯೂ ಇರಬಹುದು. ನೀತಿಯ ಮಾತು ಬದಿಗಿಟ್ಟರೂ, ಡಂಪ್‌ನ ಉತ್ತರಗಳಲ್ಲಿ ತಪ್ಪು ಬೇಕಾದಷ್ಟಿರುತ್ತದೆ. ಅದು ತಪ್ಪು ಅಂತ ಗುರುತಿಸುವಷ್ಟು ಗೊತ್ತಿದ್ದರೆ ನಿಮಗೆ ಡಂಪ್ ಬೇಕಾಗಿಯೇ ಇಲ್ಲ. ಸಂದರ್ಶನದಲ್ಲಿ 'ಇದನ್ನು ಬೋರ್ಡ್ ಮೇಲೆ ಬಿಡಿಸಿ ತೋರಿಸಿ' ಅಂದಾಗ ಅದು ಕೈಕೊಡುತ್ತದೆ.

ದುಡ್ಡು ಮತ್ತು ತಿಂಗಳು

ಸಿಸಿಎನ್‌ಎ ಪರೀಕ್ಷೆಯ ಶುಲ್ಕವೇ 300 ಡಾಲರ್. ತೆರಿಗೆ ಬಿಟ್ಟು ಇಪ್ಪತ್ತೈದು ಸಾವಿರ ರೂಪಾಯಿ ದಾಟುತ್ತದೆ. ಅಮೆಜಾನ್ ಅಸೋಸಿಯೇಟ್ 150 ಡಾಲರ್, ಅದರ ಪ್ರಾಥಮಿಕ ಕ್ಲೌಡ್ ಪ್ರಾಕ್ಟಿಷನರ್ 100 ಡಾಲರ್. ಫೇಲಾದರೆ ಮತ್ತೆ ಪೂರ್ತಿ ಶುಲ್ಕ. ಇದನ್ನು ಮುಂದಿಟ್ಟುಕೊಂಡು ನೋಡಿದರೆ ಸರಿಯಾದ ಹೊಸ ಪುಸ್ತಕಕ್ಕೆ ಎರಡು ಮೂರು ಸಾವಿರ ದುಬಾರಿಯಲ್ಲ. ದುಬಾರಿ ಆಗುವುದು ಒಂದೇ ಪರೀಕ್ಷೆಗೆ ಮೂರು ಪುಸ್ತಕ ಕೊಂಡು ಮೂರನ್ನೂ ನೂರನೇ ಪುಟದಲ್ಲಿ ಬಿಟ್ಟಾಗ. ಒಂದು ಮುಖ್ಯ ಪುಸ್ತಕ, ಒಂದು ಲ್ಯಾಬ್, ಒಂದು ಒಳ್ಳೆಯ ಅಭ್ಯಾಸ ಪರೀಕ್ಷೆ. ಅಷ್ಟು ಸಾಕು. ಮುಖ್ಯ ಪುಸ್ತಕದಲ್ಲಿ ಯಾವುದೋ ಅಧ್ಯಾಯ ಅರ್ಥವೇ ಆಗದಿದ್ದರೆ ಆಗ ಆ ಅಧ್ಯಾಯಕ್ಕೆ ಮಾತ್ರ ಬೇರೆ ಹುಡುಕಿ.

ಕೊಡಗಿನಲ್ಲಿ ತಿಂಗಳ ಲೆಕ್ಕವೂ ದುಡ್ಡಿನಷ್ಟೇ ಮುಖ್ಯ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಸಣ್ಣ ಬೆಳೆಗಾರರ ಮನೆಯಲ್ಲಿ ಓದುವ ಮಕ್ಕಳಿಗೂ ಕೆಲಸ ಇರುತ್ತದೆ. ಕಣದಲ್ಲಿ ಕಾಫಿ ಒಣಗಲು ಹಾಕಿ ಒಳಗೆ ಕೂತು ಓಎಸ್‌ಪಿಎಫ್ ಓದಲು ಯಾರೂ ಬಿಡುವುದಿಲ್ಲ. ನನ್ನ ಲೆಕ್ಕದಲ್ಲಿ ಮೇ ತಿಂಗಳಲ್ಲಿ ಪುಸ್ತಕ ತರಿಸಿ, ಬೇಕಾದದ್ದೆಲ್ಲ ಇಳಿಸಿಟ್ಟು, ಮಳೆಗಾಲ ಪೂರ್ತಿ ಓದಿ, ಕಾವೇರಿ ಸಂಕ್ರಮಣ ಕಳೆದ ಮೇಲೆ ಪುತ್ತರಿಗೆ ಮೊದಲು ಪರೀಕ್ಷೆ ಬರೆಯುವುದು ಸರಿ. ಹಾಗೆ ಲೆಕ್ಕ ಹಾಕುವಾಗ ಆ ಅಕ್ಟೋಬರ್, ನವೆಂಬರ್‌ಗೆ ಹೊಸ ಆವೃತ್ತಿ ಬರುವ ಸುದ್ದಿ ಇದೆಯಾ ಅಂತ ಸಂಸ್ಥೆಯ ತಾಣದಲ್ಲಿ ನೋಡಬೇಕು. ಎ ಪ್ಲಸ್‌ನಂತೆ ಎರಡು ಪೇಪರ್ ಇದ್ದರೆ ಎರಡೂ ಹಳೆಯದು ನಿಲ್ಲುವ ಮೊದಲು ಮುಗಿಯುವಂತಿರಬೇಕು.

ಮನೆಯಿಂದಲೇ ಬರೆಯುವ ಅವಕಾಶ ಅನೇಕ ಪರೀಕ್ಷೆಗಳಿಗಿದೆ. ಒಬ್ಬರೇ ಇರುವ ಕೋಣೆ, ಖಾಲಿ ಮೇಜು, ಕ್ಯಾಮೆರಾ ಪೂರ್ತಿ ಹೊತ್ತು ಆನ್. ನಡುವೆ ನೆಟ್ ಹೋದರೆ ಅಲ್ಲಿಗೇ ನಿಂತುಹೋಗುವ ಭಯ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೆ ಸಾಲದು, ರೂಟರಿಗೂ ಇನ್ವರ್ಟರ್ ಬೇಕು ಅನ್ನುವುದು ಎಷ್ಟೋ ಜನರಿಗೆ ಕರೆಂಟ್ ಹೋದಾಗಲೇ ಹೊಳೆಯುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಇಪ್ಪತ್ತೈದು ಸಾವಿರದ ಪರೀಕ್ಷೆಯಾದರೆ ಹಿಂದಿನ ದಿನವೇ ಅಲ್ಲಿಗೆ ಹೋಗಿ ಉಳಿದು, ಪರೀಕ್ಷಾ ಕೇಂದ್ರದಲ್ಲೇ ಬರೆಯುವುದು ವಾಸಿ.

ಪಾಸಾದ ಮೇಲೆ ಪುಸ್ತಕವನ್ನು ಅಟ್ಟಕ್ಕೆ ಹಾಕಬೇಡಿ. ಸಿಸಿಎನ್‌ಎ, ಎ ಪ್ಲಸ್ ಪ್ರಮಾಣಪತ್ರಕ್ಕೆ ಮೂರು ವರ್ಷ ಮಾನ್ಯತೆ ಇರುತ್ತದೆ, ಆ ಹೊತ್ತಿಗೆ ಪರೀಕ್ಷೆಯೇ ಬದಲಾಗಿರುತ್ತದೆ. ಪುಸ್ತಕ ಉಪಯೋಗಕ್ಕೆ ಬರುವುದು ಈಗಲೇ, ಮುಂದಿನ ಬ್ಯಾಚಿನವರಿಗೆ. ಕೊಡುವಾಗ ಮೊದಲ ಪುಟದಲ್ಲಿ ಪರೀಕ್ಷೆಯ ಕೋಡ್, ಆವೃತ್ತಿ, ಆನ್‌ಲೈನ್ ಕೋಡ್ ಬಳಕೆಯಾಗಿದೆಯೋ ಇಲ್ಲವೋ, ಇಷ್ಟನ್ನು ಪೆನ್ನಿನಲ್ಲಿ ಬರೆದು ಕೊಡಿ. ಆವೃತ್ತಿ ನಿಲ್ಲುವ ದಿನಾಂಕ ಪ್ರಕಟವಾಗಿದ್ದರೆ ಅದನ್ನೂ ಬರೆಯಿರಿ.